ಕುರುಗೋಡು ಫೋಲ್ಡರಿನ ಹಳೆಯ ಫೈಲು

ಬಳ್ಳಾರಿಯ ಒಂದು ರಕ್ತಪರೀಕ್ಷಾ ಲ್ಯಾಬಿನ ಸಾಫ್ಟ್‌ವೇರನ್ನು ನಾನು ಹನ್ನೊಂದು ವರ್ಷಗಳಿಂದ ನೋಡಿಕೊಂಡು ಬಂದಿದ್ದೇನೆ. ಅದನ್ನು ಬರೆದವಳು ನಾನಲ್ಲ. ಯಾರೋ ಬರೆದು, ಮುಗಿಸದೆ ಬಿಟ್ಟುಹೋಗಿದ್ದರು. ಆಗ ನಾನು ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಪಾಠ ಹೇಳುತ್ತಿದ್ದೆ. ಲ್ಯಾಬಿನ ಡಾಕ್ಟರು ಯಾರಿಂದಲೋ ಕೇಳಿ ತಿಳಿದು ಬಂದು, "ನಮ್ಮದೊಂದೀಟು ನೋಡ್ರಿ ಮೇಡಂ, ಭಾಳ ಕೆಲಸ ಇಲ್ಲ" ಅಂದರು. ಆ ಒಂದೀಟು ಇನ್ನೂ ಮುಗಿದಿಲ್ಲ. ತರಬೇತಿ ಕೇಂದ್ರ ಮುಚ್ಚಿತು, ನನ್ನ ಕನ್ನಡಕದ ಗಾಜು ಎರಡು ಸಲ ದಪ್ಪವಾಯಿತು, ಕುತ್ತಿಗೆ ನೋವು ಬಂದದ್ದು ಹೋಗಲೇ ಇಲ್ಲ. ನಾನು ಮಾತ್ರ ಅದೇ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯ ಸಾಲುಗಳನ್ನು ತಿದ್ದುತ್ತ ಕುಳಿತಿದ್ದೇನೆ.

ಲ್ಯಾಬಿನ ಮುಖ್ಯ ಜಾಗ ಬಳ್ಳಾರಿಯಲ್ಲಿ. ಸಿರುಗುಪ್ಪದಲ್ಲಿ ಒಂದು, ಕುರುಗೋಡಿನಲ್ಲಿ ಒಂದು ಶಾಖೆ. ಮೂರೂ ಕಡೆ ರಕ್ತ ತೆಗೆದು ಯಂತ್ರಕ್ಕೆ ಹಾಕುತ್ತಾರೆ, ಬಂದ ಅಂಕಿಯನ್ನು ಕಂಪ್ಯೂಟರಿಗೆ ತುಂಬುತ್ತಾರೆ. ಬಳ್ಳಾರಿಯ ಒಂದೇ ಸರ್ವರು ಎಲ್ಲರ ರಿಪೋರ್ಟನ್ನೂ ತಯಾರಿಸುತ್ತದೆ. ರಿಪೋರ್ಟಿನಲ್ಲಿ ಪರೀಕ್ಷೆಯ ಹೆಸರು, ಬಂದ ಅಂಕಿ, ಅದರ ಪಕ್ಕದಲ್ಲಿ ಆರೋಗ್ಯವಂತರಿಗೆ ಇರಬೇಕಾದ ಮಿತಿ. ಅಂಕಿ ಮಿತಿ ದಾಟಿದ್ದರೆ ಆ ಸಾಲು ದಪ್ಪಕ್ಷರದಲ್ಲಿ ಬೀಳುತ್ತದೆ. ಕೆಳಗೆ ಕಂಪ್ಯೂಟರೇ ಹಾಕುವ ಡಾಕ್ಟರ ಸಹಿ. ಓದಲು ಬರಲಿ ಬಿಡಲಿ, ಜನ ಮೊದಲು ಹುಡುಕುವುದು ದಪ್ಪಕ್ಷರವನ್ನೇ.

ಈ ಒಂದು ಹಾಳೆ ಒಂದೇ ಫೈಲಿನಿಂದ ಆಗುವುದಲ್ಲ. ಶಾಖೆಯ ಫೈಲು ರಿಪೋರ್ಟಿನ ಫೈಲನ್ನು ಕರೆಯುತ್ತದೆ, ರಿಪೋರ್ಟಿನ ಫೈಲು ಮಿತಿಗಳನ್ನು ಬರೆದಿಟ್ಟ range.php ಎಂಬ ಫೈಲನ್ನು ಕರೆಯುತ್ತದೆ. ಇನ್‌ಕ್ಲೂಡ್ ಎನ್ನುವುದು ಹೀಗೆ ಕರೆಯುವುದಕ್ಕೇ. ಒಂದೊಂದು ಶಾಖೆಗೆ ಒಂದೊಂದು ಫೋಲ್ಡರು; ಮೂರಕ್ಕೂ ಬೇಕಾದ ಫೈಲುಗಳು ಒಂದು ಸಾಮಾನ್ಯ ಫೋಲ್ಡರಿನಲ್ಲಿ. ಕರೆಯುವಾಗ ಆ ಫೈಲು ಎಲ್ಲಿದೆ ಎಂದು ಹೇಳಬೇಕಾಗುತ್ತದೆ. ಡ್ರೈವಿನಿಂದ ಹಿಡಿದು ಫೋಲ್ಡರು, ಒಳಫೋಲ್ಡರು ಎಂದು ಪೂರ್ತಿ ದಾರಿ ಬರೆಯಬಹುದು. ಇಲ್ಲವೇ, ಒಂದು ಹಂತ ಮೇಲಕ್ಕೆ ಹೋಗಿ ಪಕ್ಕದ ಫೋಲ್ಡರಿನಲ್ಲಿ ನೋಡು ಎಂದು ಇದ್ದಲ್ಲಿಂದ ದಾರಿ ಹೇಳಬಹುದು. ಮೊದಲು ಬರೆದವರು ಎಲ್ಲ ಕಡೆಯೂ ಪೂರ್ತಿ ದಾರಿ ಬರೆದಿದ್ದರು. ಪ್ರತಿ ಸಾಲೂ ಡಿ ಡ್ರೈವಿನಿಂದ ಶುರು.

ಒಂದು ಬೇಸಿಗೆಯಲ್ಲಿ ಆ ಸರ್ವರು ಕೆಟ್ಟಿತು. ಮೆಟ್ಟಿಲಿನ ಕೆಳಗೆ, ಗಾಳಿಯಾಡದ ಜಾಗದಲ್ಲಿಟ್ಟ ಹಳೆಯ ಕಂಪ್ಯೂಟರು ಅದು. ಬಳ್ಳಾರಿಯ ಬಿಸಿಲನ್ನು ಅಷ್ಟು ವರ್ಷ ತಡೆದುಕೊಂಡದ್ದೇ ದೊಡ್ಡದು. ರಿಪೇರಿಯವನು ಹೊಸ ಯಂತ್ರ ತಂದು, ಹಳೆಯದರೊಳಗಿನ ಫೈಲುಗಳನ್ನೆಲ್ಲ ಅದಕ್ಕೆ ಸುರಿದು ಹೋದ. ಹೊಸದರಲ್ಲಿ ಡಿ ಡ್ರೈವೇ ಇರಲಿಲ್ಲ. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು, ಹಿಂದಿನ ದಿನದ ರಿಪೋರ್ಟಿಗೆ ಬಂದವರು ಎಲ್ಲ ಬೆಂಚು ತುಂಬಿ ಹೊರಗಿನ ನೆರಳಿಗೂ ಹಬ್ಬಿದ್ದರು. ಪರದೆಯ ಮೇಲೆ ಇದ್ದದ್ದು ಒಂದೇ ಮಾತು: ಅಂಥ ಫೈಲಾಗಲಿ ಫೋಲ್ಡರಾಗಲಿ ಇಲ್ಲ.

ಡಾಕ್ಟರು ಬಂದು ನನ್ನ ಹಿಂದೆ ನಿಂತರು. ಅವರು ಕೂಗುವ ಮನುಷ್ಯರಲ್ಲ. ಅವರು ಸುಮ್ಮನೆ ನಿಂತರೇ ನನಗೆ ಬೆವರು ಬರುತ್ತದೆ.

"ಎಷ್ಟೊತ್ತಾಗ್ತತಿ ಮೇಡಂ?"

"ದಾರಿ ಎಲ್ಲಾ ತಪ್ಪ್ಯಾವ್ರಿ ಸರ್. ಎಲ್ಲಾ ಫೈಲಿನಾಗೂ ಹಳೇ ಡ್ರೈವಿನ ಹೆಸರೈತಿ. ತಿದ್ದಬೇಕು."

"ಹೊರಗ ಒಬ್ಬಾಕಿ ಬಸುರಿ ಕುಂತಾಳ. ನೋಡ್ರಿ, ಆದಷ್ಟು ಜಲ್ದಿ."

ಡಿ ಎಂದಿದ್ದಲ್ಲಿ ಸಿ ಎಂದು ಬದಲಿಸಿದ್ದರೆ ಐದು ನಿಮಿಷದ ಕೆಲಸ. ಆದರೆ ನನಗೆ ರೋಸಿಹೋಗಿತ್ತು. ನಾಳೆ ಇನ್ನೊಂದು ಯಂತ್ರ ಬಂದರೆ ಮತ್ತೆ ಇದೇ ಗೋಳು. ಒಂದೇ ಸಲ ಇದರಿಂದ ಪಾರಾಗಬೇಕು ಎಂದುಕೊಂಡು, ಪೂರ್ತಿ ದಾರಿಗಳನ್ನೆಲ್ಲ ಕಿತ್ತುಹಾಕಿದೆ. ಹುಡುಕಿ ಬದಲಿಸುವ ಸೌಲಭ್ಯ ಎಡಿಟರಿನಲ್ಲೇ ಇರುತ್ತದೆ. ಒಂದು ಗುಂಡಿ ಒತ್ತಿದರೆ ನೂರಾರು ಸಾಲು ಬದಲಾಗುತ್ತವೆ. ಶಾಖೆಗಳ ಫೋಲ್ಡರಿನಲ್ಲಿ, ಒಂದು ಹಂತ ಮೇಲೆ ಹೋಗಿ ಸಾಮಾನ್ಯ ಫೋಲ್ಡರಿನಲ್ಲಿ ನೋಡು ಎಂದು ಬರೆಸಿದೆ. ಸಾಮಾನ್ಯ ಫೋಲ್ಡರಿನ ಒಳಗಿದ್ದ ಫೈಲುಗಳಲ್ಲಿ ದಾರಿಯನ್ನೇ ತೆಗೆದು ಬರೀ ಫೈಲಿನ ಹೆಸರು ಉಳಿಸಿದೆ. ಎರಡೂ ಅಕ್ಕಪಕ್ಕ ಒಂದೇ ಫೋಲ್ಡರಿನಲ್ಲಿ ಇರುವಾಗ ದಾರಿ ಯಾಕೆ ಎಂಬುದು ನನ್ನ ಲೆಕ್ಕಾಚಾರ. ಬಳ್ಳಾರಿಯ ರಿಪೋರ್ಟು ತೆರೆದು ನೋಡಿದೆ, ಬಂತು. ಸಿರುಗುಪ್ಪ, ಕುರುಗೋಡಿನ ಮೊದಲ ಪುಟ ತೆರೆದೆ, ಬಂದವು. ಬಸುರಿ ಹೆಣ್ಣುಮಗಳು ರಿಪೋರ್ಟು ತೆಗೆದುಕೊಂಡು ಹೋದಳು. ಡಾಕ್ಟರು, "ಚೊಲೊ ಆತು" ಅಂದರು. ಇಷ್ಟು ಮಾತ್ರ ನೋಡಿ ಉಳಿದದ್ದನ್ನು ನಂಬಿದ್ದು ನಾನು ಮಾಡಿದ ಮೊದಲ ತಪ್ಪು. ಆ ಹೊತ್ತಿಗೆ ಅದು ತಪ್ಪು ಎಂದು ಅನ್ನಿಸಲೂ ಇಲ್ಲ. ಮನೆಗೆ ಹೋಗಿ ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದೆ.

ಎರಡನೆಯ ದಿನ ಸಿರುಗುಪ್ಪದ ಟೆಕ್ನಿಷಿಯನ್ ಫೋನು ಮಾಡಿದರು. ಐವತ್ತು ದಾಟಿದವರು. ಆ ಊರಿನಲ್ಲಿ ಅರ್ಧ ಜನರ ರಕ್ತದ ಗುಂಪು ಅವರಿಗೆ ಬಾಯಿಪಾಠ. ದಿನದ ಪಟ್ಟಿ ಪ್ರಿಂಟು ಮಾಡುವ ಪುಟ ತೆರೆಯುತ್ತಿಲ್ಲ ಎಂದರು. ಹೀಗೆ ಮಾಡಿ, ಹಾಗೆ ಮಾಡಿ ಎಂದು ಫೋನಿನಲ್ಲಿ ಹೇಳಿದೆ.

"ಅಕ್ಕಾರ, ನೀವು ಹೇಳೂದು ನನಗ ತಿಳೀವಲ್ದು, ನಾನು ಹೇಳೂದು ನಿಮಗ ತಿಳೀವಲ್ದು. ಒಮ್ಮಿ ಬಂದು ಹೋಗ್ರಿ. ಪ್ರಿಂಟರೂ ಕಾಗದ ನುಂಗಾಕತ್ತೈತಿ."

ಹೋದೆ. ತೆಕ್ಕಲಕೋಟೆ ದಾಟಿದ ಮೇಲೆ ಕಾಲುವೆ ನೀರಿನ ಗದ್ದೆಗಳು ಶುರುವಾಗುತ್ತವೆ. ಅಷ್ಟು ಹೊತ್ತು ಕಣ್ಣಿಗೆ ಹೊಡೆದ ಬಿಳಿ ಬಿಸಿಲು ಒಮ್ಮೆಲೇ ಹಸಿರಾಗುತ್ತದೆ. ನನಗೆ ಅದನ್ನು ನೋಡುವ ಉಮೇದೂ ಇರಲಿಲ್ಲ. ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದವಳನ್ನು ಸಿರುಗುಪ್ಪದಲ್ಲಿ ಕಂಡಕ್ಟರನೇ ಎಬ್ಬಿಸಿದ.

ತೊಂದರೆ ಸಣ್ಣದು. ಪಟ್ಟಿಯ ಪುಟ ಸಿರುಗುಪ್ಪದ ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರಿನಲ್ಲಿತ್ತು. ಒಂದು ಹಂತ ಮೇಲಕ್ಕೆ ಹೋದರೆ ಅದಕ್ಕೆ ಸಿಗುವುದು ಸಿರುಗುಪ್ಪದ ಫೋಲ್ಡರೇ. ಅಲ್ಲಿ ಸಾಮಾನ್ಯ ಫೋಲ್ಡರು ಎಲ್ಲಿಂದ ಬರಬೇಕು? ಎರಡು ಹಂತ ಹತ್ತಬೇಕಿತ್ತು. ಎರಡು ಚುಕ್ಕೆ, ಒಂದು ಓರೆಗೆರೆ ಹೆಚ್ಚಿಗೆ ಸೇರಿಸಿದೆ, ಪುಟ ಬಂತು. ಪ್ರಿಂಟರಿನ ಹೊಟ್ಟೆಯಿಂದ ಸಿಕ್ಕಿಬಿದ್ದ ಕಾಗದವನ್ನೂ ಎಳೆದು ತೆಗೆದೆ.

ಟೆಕ್ನಿಷಿಯನ್ ಚಹಾ ತರಿಸಿದರು. ಯಾಕೆ ಹೀಗಾಯಿತು ಎಂದು ಕೇಳಿದರು. ನನಗೆ ತಿಳಿದ ಹಾಗೆ ಬಿಡಿಸಿ ಹೇಳಿದೆ.

"ಅಂದ್ರ ಬಳ್ಳಾರಿಯಾಗ ನಿಂತು 'ಬಾಜೂ ಓಣಿ' ಅಂತ ಹೇಳಿಕಳಿಸ್ಯಾರ, ಸಿರುಗುಪ್ಪದಾಗ ನಿಂತು ನಾವು ಇಲ್ಲಿ ಬಾಜೂ ಓಣಿ ಹುಡುಕಾಕತ್ತೀವಿ. ಹಂಗಽ ಅಲ್ಲೇನ್ರಿ?"

"ಹಂಗಽ ನೋಡ್ರಿ."

"ಹಂಗಾರ ಬ್ಯಾರೆ ಕಡೀನೂ ಇಂಥಾವು ಇರಬೇಕಲ್ರಿ. ಒಮ್ಮಿ ಎಲ್ಲಾ ನೋಡಿಬಿಡ್ರಿ ಅಕ್ಕಾರ."

"ನೋಡ್ತೀನ್ರಿ" ಅಂದೆ. ನೋಡಲಿಲ್ಲ. ಬರುವ ಬಸ್ಸಿನಲ್ಲಿ ಮನಸ್ಸು ಹೇಳಿತು, ಇನ್ನೆಲ್ಲಾದರೂ ತಪ್ಪಿದ್ದರೆ ಹೀಗೇ ಫೋನು ಬರುತ್ತದೆ, ಬಂದಾಗ ನೋಡಿದರಾಯಿತು. ಹನ್ನೊಂದು ವರ್ಷ ಒಂಟಿಯಾಗಿ ಒಂದು ಕೆಲಸ ಮಾಡಿದರೆ ಮನುಷ್ಯರಿಗೆ ಇಂಥ ಬುದ್ಧಿ ಬರುತ್ತದೆ. ಎಲ್ಲ ತಪ್ಪೂ ಕೂಗಿ ಕರೆಯುತ್ತದೆ ಎಂದು ನಂಬಿಕೊಂಡಿದ್ದೆ.

ಕುರುಗೋಡಿನದು ಕೂಗಲಿಲ್ಲ. ಸುಮಾರು ಐದು ವಾರ ಸುಮ್ಮನೆ ಇತ್ತು.

ಅಲ್ಲಿಯ ಟೆಕ್ನಿಷಿಯನ್ ಮದುವೆಯಾಗಿ ಆ ಊರಿಗೆ ಬಂದ ಹೆಣ್ಣುಮಗಳು. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಅವಳು ಫೋನಿಗೆ ಎರಡು ಚಿತ್ರ ಕಳಿಸಿ, ಹಿಂದೆಯೇ ಕರೆ ಮಾಡಿದಳು.

"ಮೇಡಂ, ಎರಡೂ ರಿಪೋರ್ಟು ನೋಡಿದ್ರ್ಯಾ? ಒಬ್ಬಾಕಿದಽ ರಕ್ತ. ನಾನು ಇಲ್ಲಿ ಮಾಡೀನಿ, ಅನುಮಾನ ಬಂದು ಅರ್ಧ ಬಳ್ಳಾರಿಗೂ ಕಳಿಸಿದ್ದೆ. ನಂಬರ್ ಎರಡರಾಗೂ ಸರಿಸುಮಾರು ಒಂದಽ ಬಂದೈತಿ. ನಮ್ಮದರಾಗ ದಪ್ಪ ಬಿದ್ದೈತಿ, ಬಳ್ಳಾರಿದರಾಗ ಬಿದ್ದಿಲ್ಲ."

ಅದು ಲಿವರಿನ ಪರೀಕ್ಷೆ. ಚಿತ್ರ ದೊಡ್ಡದು ಮಾಡಿ ನೋಡಿದೆ. ಅಂಕಿಯ ಪಕ್ಕದ ಮಿತಿಯೇ ಎರಡರಲ್ಲೂ ಬೇರೆ ಬೇರೆ. ಒಂದೇ ಸರ್ವರು, ಒಂದೇ ರಿಪೋರ್ಟಿನ ಫೈಲು, ಒಂದೇ ಮಿತಿಗಳ ಫೈಲು. ಅದು ಹೇಗೆ ಬೇರೆಯಾಗುತ್ತದೆ?

"ಯಾಕ ಅನುಮಾನ ಬಂತು ನಿನಗ?" ಅಂದೆ.

"ಆಕಿ ಅತ್ತಳ್ರಿ ಮೇಡಂ. ಸಾಲಿಯಾಗ ಬಿಸಿಯೂಟದ ಅಡಿಗಿ ಮಾಡಾಕಿ. ಅಡಿಗಿಯೋರಿಗೆಲ್ಲಾ ತಪಾಸಣಿ ಮಾಡಿಸ್ರಿ ಅಂದಿದ್ರಂತ, ಮೂರು ವಾರದ ಹಿಂದ ಬಂದಿದ್ಲು. ಲಿವರಿಂದು ದಪ್ಪ ಬಿತ್ತು. ಕಾಮಣಿ ಆಗೈತಿ ಅಂತ ಮಂದಿ ಹೇಳಿದ್ರು. ಮಕ್ಕಳ ಊಟ ಮುಟ್ಟಬ್ಯಾಡ ಅಂತ ಸಾಲಿಯೋರು ಮನಿಗೆ ಕಳಿಸ್ಯಾರ. ನಿನ್ನೆ ಮತ್ತ ಬಂದ್ಲು, ಮತ್ತ ದಪ್ಪ ಬಿತ್ತು. ಅಷ್ಟು ಪಥ್ಯ ಮಾಡಿದ್ರೂ ಇಳಿದಿಲ್ಲಲ್ಲವ್ವಾ ಅಂತ ಇಲ್ಲೇ ಕುಂತು ಅತ್ಲು. ಕಣ್ಣು ನೋಡಿದ್ರ ಬೆಳ್ಳಗ ಅದಾವ್ರಿ ಆಕೀವು, ಒಂದೀಟೂ ಹಳದಿ ಇಲ್ಲ."

ಕರೆ ಮುಗಿಸಿ ಸರ್ವರಿನ ಮುಂದೆ ಕುಳಿತೆ. ಮಿತಿಗಳ ಫೈಲು ತೆರೆದೆ. ಸರಿಯಾಗಿಯೇ ಇತ್ತು. ಕುರುಗೋಡಿನ ರಿಪೋರ್ಟು ತೆರೆದೆ, ಅದರಲ್ಲಿ ಬೇರೆ ಮಿತಿ. ಮತ್ತೆ ಫೈಲು ನೋಡಿದೆ. ಅಲ್ಲಿ ಒಂದು ಅಂಕಿಯನ್ನು ಬೇಕೆಂದೇ ಬದಲಿಸಿ ನೋಡಿದೆ. ಬಳ್ಳಾರಿಯ ರಿಪೋರ್ಟಿನಲ್ಲಿ ಬದಲಾಯಿತು, ಕುರುಗೋಡಿನದರಲ್ಲಿ ಬದಲಾಗಲಿಲ್ಲ. ಅಂಕಿಯನ್ನು ಮೊದಲಿನಂತೆ ಮಾಡಿದೆ. ಬ್ರೌಸರು ಹಳೆಯದನ್ನು ತೋರಿಸುತ್ತಿದೆಯೇನೋ ಎಂದು ಅದನ್ನೆಲ್ಲ ಅಳಿಸಿದೆ. ಸರ್ವರನ್ನು ನಿಲ್ಲಿಸಿ ಶುರು ಮಾಡಿದೆ. ಊಟದ ಡಬ್ಬಿ ಬಿಚ್ಚದೆ ಹಾಗೇ ಇತ್ತು. ಕಡೆಗೆ, ಪಾಠ ಹೇಳುತ್ತಿದ್ದ ಕಾಲದಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದ ಉಪಾಯವೊಂದು ನೆನಪಾಯಿತು: ಈ ಪುಟ ಯಾವ ಯಾವ ಫೈಲುಗಳನ್ನು ಕರೆದುಕೊಂಡಿದೆ ಎಂದು ಅದರ ಬಾಯಿಂದಲೇ ಪೂರ್ತಿ ದಾರಿ ಸಮೇತ ಹೇಳಿಸುವುದು. ಪರದೆಯ ಮೇಲೆ ಪಟ್ಟಿ ಬಿತ್ತು. ರಿಪೋರ್ಟಿನ ಫೈಲು ಸಾಮಾನ್ಯ ಫೋಲ್ಡರಿನದು. range.php ಮಾತ್ರ ಕುರುಗೋಡು ಫೋಲ್ಡರಿನದು.

ಅಲ್ಲಿ ಅಂಥ ಫೈಲು ಇದೆ ಎಂಬುದೇ ನನಗೆ ಮರೆತುಹೋಗಿತ್ತು. ಕುರುಗೋಡಿನ ಶಾಖೆ ಶುರುವಾದಾಗ ಅಲ್ಲಿ ರಕ್ತ ಪರೀಕ್ಷೆಗೆ ಹಳೆಯ ಕಾಲದ ಯಂತ್ರವಿತ್ತು. ಅದರ ಅಳತೆಯೇ ಬೇರೆ, ಆದ್ದರಿಂದ ಮಿತಿಗಳೂ ಬೇರೆ. ಅದಕ್ಕೆಂದು ಆ ಫೋಲ್ಡರಿನಲ್ಲಿ ಒಂದು ಪ್ರತ್ಯೇಕ ಫೈಲು ಇತ್ತು. ಹೊಸ ಯಂತ್ರ ಬಂದ ಮೇಲೆ ನಾನೇ ಕುರುಗೋಡನ್ನೂ ಸಾಮಾನ್ಯ ಫೈಲಿಗೆ ಜೋಡಿಸಿದ್ದೆ. ಹಳೆಯದನ್ನು ಅಳಿಸಿರಲಿಲ್ಲ. ಇರಲಿ, ಎಂದಾದರೂ ಬೇಕಾದೀತು ಎಂದು ಬಿಟ್ಟಿದ್ದೆ. ಪೂರ್ತಿ ದಾರಿ ಇದ್ದಷ್ಟು ದಿನ ಆ ಫೈಲು ಯಾರ ತಂಟೆಗೂ ಬರಲಿಲ್ಲ. ನಾನು ದಾರಿ ಕಿತ್ತುಹಾಕಿ ಬರೀ ಹೆಸರು ಉಳಿಸಿದೆನಲ್ಲ, ಆವತ್ತಿನಿಂದ ಕಥೆ ಬದಲಾಯಿತು. ಬರೀ ಹೆಸರು ಹೇಳಿದರೆ ಪಿಎಚ್‌ಪಿ ಮೊದಲು ಹುಡುಕುವುದು ಕರೆಯುತ್ತಿರುವ ಫೈಲಿನ ಪಕ್ಕದಲ್ಲಲ್ಲ, ಕೆಲಸ ಶುರುವಾದ ಫೋಲ್ಡರಿನಲ್ಲಿ. ಕುರುಗೋಡಿನವರು ಪುಟ ತೆರೆದರೆ ಕೆಲಸ ಶುರುವಾಗುವುದು ಕುರುಗೋಡು ಫೋಲ್ಡರಿನಲ್ಲಿ. ಅಲ್ಲಿ ಅದೇ ಹೆಸರಿನ ಫೈಲು ಸಿಕ್ಕಿತು, ತೆಗೆದುಕೊಂಡಿತು. ಅದರ ತಪ್ಪೇನೂ ಇಲ್ಲ. ಈ ನಿಯಮ ನನಗೆ ಗೊತ್ತಿಲ್ಲದ್ದೂ ಅಲ್ಲ. ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೇನೆ.

ಎದ್ದು ಹೋಗಿ ಡಾಕ್ಟರ ಕೋಣೆಯ ಬಾಗಿಲು ಬಡಿದೆ. ನಿಂತೇ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ಮಂದಿದು ಹಿಂಗಾಗೈತಿ?"

"ಸರ್ವರು ಬದಲಾದಾಗಿಂದ ಕುರುಗೋಡಿನಾಗ ಆದೂವು ಎಲ್ಲಾನೂ ನೋಡಬೇಕ್ರಿ. ಹೆಚ್ಚಿನೋರಿಗೆ ಇಲ್ಲದ ರೋಗ ತೋರಿಸೈತಿ. ಆದ್ರ..."

"ಆದ್ರ?"

"ಕಿಡ್ನಿ ಪರೀಕ್ಷಾದಾಗ ಹಳೇ ಫೈಲಿನ ಮಿತಿ ಸಡಿಲ ಐತ್ರಿ ಸರ್. ದಪ್ಪ ಬೀಳಬೇಕಾದದ್ದು ಬೀಳದಂಗ ಹೋಗಿರಬಹುದು."

ಬೈಯುತ್ತಾರೆ ಎಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು.

"ಅದರ ಕೆಳಗ ನನ್ನ ಸಹಿ ಐತಿ ಮೇಡಂ," ಅಂದರು. "ನಾನು ನೋಡದಽ ಬೀಳೋ ಸಹಿ. ನೀವು ಒಂದು ತಪ್ಪು ಮಾಡೀರಿ, ನಾನು ಐದು ವಾರ ದಿನಾ ಮಾಡೀನಿ. ಎಲ್ಲಾರಿಗೂ ಫೋನ್ ಹಚ್ರಿ. ಮುಚ್ಚಿಡೂದು ಬ್ಯಾಡ. ತಪ್ಪು ನಮ್ಮದು ಅಂತನಽ ಹೇಳ್ರಿ."

ಆ ಸಂಜೆ ಹಳೆಯ ಫೈಲನ್ನು ಅಳಿಸಿದೆ. ಮರುದಿನ ನಾನೂ ಕುರುಗೋಡಿನ ಟೆಕ್ನಿಷಿಯನ್ನೂ ಫೋನಿನಲ್ಲೇ ಕೂತು ಒಂದೊಂದೇ ರಿಪೋರ್ಟು ತೆಗೆದು ನೋಡಿದೆವು. ಮೂವತ್ತಕ್ಕೂ ಹೆಚ್ಚು ಮಂದಿಯ ಹಾಳೆಯಲ್ಲಿ ತಪ್ಪು ಬಿದ್ದಿತ್ತು. ಬಹಳಷ್ಟು ಮಂದಿ, "ಹೌದೇನ್ರಿ, ಚೊಲೊ ಆತು ಬಿಡ್ರಿ" ಎಂದು ಫೋನು ಇಟ್ಟರು. ಒಬ್ಬರು ನನಗೆ ಬಾಯಿಗೆ ಬಂದಂತೆ ಬೈದರು. ಕೇಳಿಸಿಕೊಂಡೆ. ದಪ್ಪ ಬೀಳದೆ ಹೋದವರು ಒಬ್ಬರೇ ಸಿಕ್ಕರು. ಕುರುಗೋಡಿನ ಪಕ್ಕದ ಹಳ್ಳಿಯ ವಯಸ್ಸಾದ ಮನುಷ್ಯ. ಅವರು ಕೊಟ್ಟ ನಂಬರಿಗೆ ಎಷ್ಟು ಸಲ ಹಚ್ಚಿದರೂ ಹತ್ತಲಿಲ್ಲ.

ಅಡುಗೆಯ ಹೆಣ್ಣುಮಗಳಿಗೆ ಮಾತ್ರ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಡಾಕ್ಟರು ಸಹಿ ಮಾಡಿದ ಒಂದು ಪತ್ರವನ್ನೂ ಸರಿಯಾದ ರಿಪೋರ್ಟನ್ನೂ ತೆಗೆದುಕೊಂಡು ಕುರುಗೋಡಿಗೆ ಬಸ್ಸು ಹತ್ತಿದೆ. ಈ ಸಲ ಸಹಿ ಪೆನ್ನಿನದು.

ಟೆಕ್ನಿಷಿಯನ್ನೇ ಮನೆಗೆ ಕರೆದುಕೊಂಡು ಹೋದಳು. ಗುಡ್ಡದ ಬಂಡೆಗಳ ಬುಡದಲ್ಲಿ ಒತ್ತೊತ್ತಾಗಿ ಕಟ್ಟಿಕೊಂಡ ಮನೆಗಳು. ಬಂಡೆ ಬೆಳಗಿನಿಂದ ಕುಡಿದ ಬಿಸಿಲನ್ನು ಮನೆಗಳ ಮೇಲೆ ಉಗುಳುತ್ತಿತ್ತು. ಆ ಹೆಣ್ಣುಮಗಳು ಬಾಗಿಲ ಹತ್ತಿರ ಚಾಪೆಯ ಮೇಲೆ ಕುಳಿತಿದ್ದಳು. ನಲವತ್ತರ ಆಸುಪಾಸು. ಅಗಲ ಭುಜ, ದೊಡ್ಡ ಪಾತ್ರೆ ಎತ್ತಿ ಇಳಿಸಿದ ಗಟ್ಟಿ ಕೈ. ಆದರೆ ಕುಪ್ಪಸದ ತೋಳು ಸಡಿಲವಾಗಿ ಜೋತಿತ್ತು. ಅವಳ ಅತ್ತೆ ಒಳಗಿನಿಂದ ತೆಲುಗಿನಲ್ಲಿ ಯಾರು ಬಂದದ್ದೆಂದು ಕೇಳಿದಳು. "ಲ್ಯಾಬಿನೋರು" ಎಂದು ಇವಳು ಉತ್ತರಿಸಿ, ನಮಗೆ ಕೂರಲು ಇನ್ನೊಂದು ಚಾಪೆ ಹಾಸಿದಳು.

ನಾನು ಹೇಗೆ ಶುರು ಮಾಡಬೇಕೆಂದು ಬಸ್ಸಿನಲ್ಲಿ ಯೋಚಿಸಿದ್ದೆಲ್ಲ ಮರೆತುಹೋಯಿತು.

"ಅವ್ವಾ, ನಿಮಗ ಕಾಮಣಿ ಆಗಿಲ್ರಿ. ಏನೂ ಆಗಿಲ್ಲ. ರಿಪೋರ್ಟು ತಪ್ಪು ಬಂದಿತ್ತು. ತಪ್ಪು ನಂದು."

ಅವಳು ನನ್ನ ಮುಖ ನೋಡಿದಳು, ಟೆಕ್ನಿಷಿಯನ್ನಿನ ಮುಖ ನೋಡಿದಳು.

"ಯಂತ್ರ ಕೆಟ್ಟಿತ್ತೇನ್ರಿ?"

ಹೌದು ಎಂದುಬಿಡಬಹುದಿತ್ತು. ಎಲ್ಲರೂ ಒಪ್ಪುವ ಮಾತು ಅದು.

"ಯಂತ್ರ ಚೊಲೋನಽ ಐತ್ರಿ. ಕಂಪ್ಯೂಟರಿನಾಗ ಎರಡು ಪಟ್ಟಿ ಇದ್ದೂ, ಒಂದು ಹಳೇದು, ಒಂದು ಹೊಸಾದು. ಯಾವುದು ನೋಡಬೇಕು ಅಂತ ನಾನು ಸರಿಯಾಗಿ ಬರೀಲಿಲ್ಲ. ಅದು ಹಳೇದು ನೋಡಿತು."

"ಮತ್ತ ನಾ ಕುಡದ ಔಷಧ?"

ಯಾವ ಔಷಧ ಎಂದು ಕೇಳಿದೆ. ಕಾಮಾಲೆಗೆ ನಾಟಿ ಔಷಧ ಕೊಡುವ ಒಬ್ಬರಲ್ಲಿಗೆ ಮೂರು ಸಲ ಹೋಗಿ ಬಂದಿದ್ದಳು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕಹಿ ರಸ. ಉಪ್ಪಿಲ್ಲ, ಎಣ್ಣೆಯಿಲ್ಲ, ಖಾರವಿಲ್ಲ; ಮೂರು ವಾರ ಬರೀ ಅನ್ನ ಮಜ್ಜಿಗೆ. ಮನೆಯಲ್ಲಿ ಅವಳ ತಟ್ಟೆ, ಲೋಟ ಬೇರೆ ಇಟ್ಟಿದ್ದರು.

"ಅದಕ್ಕಽ ಇಷ್ಟು ಸೊರಗೀನೇನ್ರಿ ನಾ? ರೋಗದಿಂದ ಅಂದ್ಕೊಂಡಿದ್ದೆ."

ಹೌದೆಂದು ತಲೆಯಾಡಿಸಿದೆ. ಅವಳು ಅಳುತ್ತಾಳೆ, ಇಲ್ಲವೇ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಒಳಗಿದ್ದ ಅತ್ತೆಗೆ ತೆಲುಗಿನಲ್ಲಿ ಕೂಗಿ ಹೇಳಿದಳು. ಅತ್ತೆ ಹೊರಗೆ ಬಂದು ಬಾಗಿಲು ಹಿಡಿದು ನಿಂತು, ಕನ್ನಡದಲ್ಲಿ ನನಗೇ ಕೇಳಿದಳು:

"ನಾವು ಈಕಿ ಗಂಗಾಳ ಬ್ಯಾರೆ ಇಟ್ಟಿವಲ್ಲಮ್ಮಾ. ಮಮ್ಮಕ್ಕಳಿಗೆ ಅವ್ವನ್ನ ಮುಟ್ಟಬ್ಯಾಡ್ರಿ ಅಂದ್ವಿ. ಅದನ್ನೇನು ಮಾಡೂದು ಈಗ?"

"ತಪ್ಪಾತ್ರಿ," ಅಂದೆ.

"ಇರ್ಲಿ ಬಿಡತ್ತಿ," ಅಂದಳು ಸೊಸೆ. "ಹೇಳಾಕ ಬಂದಾರಲ್ಲ. ಎಷ್ಟು ಮಂದಿ ಬರ್ತಾರ?" ಆಮೇಲೆ ನನ್ನ ಕಡೆ ತಿರುಗಿ, "ಸಾಲಿಗೂ ಬಂದು ಇದನ್ನಽ ಹೇಳ್ರಿ. ನಾ ಹೇಳಿದ್ರ ನಂಬೂದಿಲ್ಲ ಅವರು."

ಮೂವರೂ ಶಾಲೆಗೆ ನಡೆದೆವು. ಹೆಡ್ ಮೇಡಂ ಪತ್ರವನ್ನು ಎರಡು ಸಲ ಓದಿದರು. ಅವರೂ ದಣಿದ ಹೆಂಗಸು. ಮೇಜಿನ ತುಂಬ ಹಾಜರಿ ಪುಸ್ತಕಗಳು. ಇವಳ ಜಾಗದಲ್ಲಿ ತಾತ್ಕಾಲಿಕವಾಗಿ ಬೇರೊಬ್ಬಳನ್ನು ಇಟ್ಟುಕೊಂಡಿದ್ದೇವೆ, ತಿಂಗಳು ಮುಗಿಯುವವರೆಗೆ ಅವಳನ್ನು ಬಿಡಿಸುವುದು ಸರಿಯಲ್ಲ, ಹೊಸ ತಿಂಗಳಿನಿಂದ ಇವಳೇ ಬರಲಿ ಎಂದರು. ನಾನು ವಾದಿಸಲು ಬಾಯಿ ತೆಗೆದೆ. ಅಡುಗೆಯವಳೇ ನನ್ನ ಕೈ ಮುಟ್ಟಿ ತಡೆದಳು.

"ಆಗ್ಲಿ ಬಿಡ್ರಿ. ಈಗ ಕರದ್ರೂ ಆ ಡಬರಿ ಎತ್ತೋ ಶಕ್ತಿ ಇಲ್ಲ ನನಗ. ಒಂದೆಂಟು ದಿನ ಉಪ್ಪು ಖಾರ ತಿಂದು ಬರ್ತೀನಿ."

ಅಡುಗೆ ಕೋಣೆಯ ಮುಂದೆ ಹಾದು ಬರುವಾಗ ಅವಳು ಒಂದು ಕ್ಷಣ ನಿಂತು ಒಳಗೆ ಇಣುಕಿದಳು. "ಬ್ಯಾಳಿ ಇನ್ನಾ ಬೆಂದಿಲ್ಲ, ಈಗಽ ಒಗ್ಗರಣಿ ಹಾಕಾಕತ್ತಾಳ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಮುಂದೆ ನಡೆದಳು.

ಬಳ್ಳಾರಿಗೆ ಬಂದ ಮೇಲೆ ಮೂರು ದಿನ ಇನ್‌ಕ್ಲೂಡ್ ಇರುವ ಸಾಲುಗಳನ್ನೆಲ್ಲ ತಿದ್ದಿದೆ. ಹುಡುಕಿ ಬದಲಿಸುವ ಗುಂಡಿ ಒತ್ತಲಿಲ್ಲ. ಒಂದೊಂದೇ ಫೈಲು ತೆರೆದು, ಓದಿ, ಕೈಯಲ್ಲೇ ಬರೆದೆ. ಪಿಎಚ್‌ಪಿಯಲ್ಲಿ __DIR__ ಎಂದು ಒಂದು ಪದವಿದೆ. ಆ ಸಾಲು ಬರೆದಿರುವ ಫೈಲು ಸ್ವತಃ ಯಾವ ಫೋಲ್ಡರಿನಲ್ಲಿದೆಯೋ ಆ ಫೋಲ್ಡರಿನ ಪೂರ್ತಿ ದಾರಿ ಎಂದು ಅದರ ಅರ್ಥ. ಯಾರು ಕರೆದರು, ಕೆಲಸ ಎಲ್ಲಿಂದ ಶುರುವಾಯಿತು ಎಂಬುದಕ್ಕೆ ಅದು ಬಗ್ಗುವುದಿಲ್ಲ. ಡ್ರೈವು ಬದಲಾದರೂ, ಯಂತ್ರ ಬದಲಾದರೂ ದಾರಿಯನ್ನು ಅದೇ ಕಂಡುಕೊಳ್ಳುತ್ತದೆ. ಅದರ ಮುಂದೆ ಫೈಲಿನ ಹೆಸರು ಸೇರಿಸಿದರೆ ಮುಗಿಯಿತು. ಮಿತಿಗಳ ಫೈಲು ಸಿಗದಿದ್ದರೆ ರಿಪೋರ್ಟೇ ಬರದೆ ನಿಲ್ಲುವ ಹಾಗೂ ಮಾಡಿದೆ. ಬಸುರಿ ಹೆಣ್ಣುಮಗಳು ಹೊರಗೆ ಕಾಯುತ್ತಿದ್ದ ಆ ಬೆಳಿಗ್ಗೆಯೇ ಇದನ್ನು ಮಾಡಲು ಇನ್ನೊಂದು ಗಂಟೆ ಸಾಕಾಗಿತ್ತು. ಆ ಗಂಟೆಯನ್ನು ನಾನು ಉಳಿಸಿಕೊಂಡಿದ್ದೆ.

ಪ್ರತಿ ಪುಟವನ್ನೂ ಮೂರೂ ಊರುಗಳಿಂದ ತೆರೆಸಿ ನೋಡಿದೆ. ಸಿರುಗುಪ್ಪದ ಟೆಕ್ನಿಷಿಯನ್ ಅರ್ಧ ದಿನ ಬೇಸರವಿಲ್ಲದೆ ನಾನು ಹೇಳಿದ ಪುಟಗಳನ್ನೆಲ್ಲ ತೆರೆದು, "ಬಂತು ಅಕ್ಕಾರ... ಇದೂ ಬಂತು" ಎನ್ನುತ್ತ ಕುಳಿತರು. ಕುರುಗೋಡಿನಲ್ಲಿ ಏನಾಯಿತೆಂದು ಅವರಿಗೂ ತಿಳಿದಿತ್ತು. ನಾನು ಅವತ್ತೇ ಹೇಳಿದ್ದೆನಲ್ಲ ಎಂದು ಒಂದು ಮಾತೂ ಆಡಲಿಲ್ಲ.

ಫೋನು ಹತ್ತದ ಆ ವಯಸ್ಸಾದ ಮನುಷ್ಯನನ್ನು ಹುಡುಕಿದವಳು ಕುರುಗೋಡಿನ ಟೆಕ್ನಿಷಿಯನ್. ಗಂಡನ ಬೈಕಿನಲ್ಲಿ ಕುಳಿತು ಅವರ ಹಳ್ಳಿಗೆ ಹೋಗಿ, ಮನೆ ಕೇಳಿ, ಮರುದಿನವೇ ಮತ್ತೆ ರಕ್ತ ಕೊಡುವಂತೆ ಒಪ್ಪಿಸಿ ಬಂದಳು. ಎರಡನೆಯ ಪರೀಕ್ಷೆಯಲ್ಲೂ ಕಿಡ್ನಿಯ ಅಂಕಿ ಮಿತಿಗಿಂತ ಮೇಲೆಯೇ ಇತ್ತು. ಡಾಕ್ಟರು ಅವರನ್ನು ಬಳ್ಳಾರಿಗೆ ಕರೆಸಿ, ತಮಗೆ ಗೊತ್ತಿದ್ದ ಕಿಡ್ನಿ ಡಾಕ್ಟರ ಹತ್ತಿರ ತಾವೇ ಕರೆದುಕೊಂಡು ಹೋಗುವುದೆಂದಾಯಿತು. ಅದಕ್ಕೆ ಮುಂಚೆ ಲ್ಯಾಬಿನಲ್ಲಿ ಕೂರಿಸಿ ನಡೆದದ್ದನ್ನು ಹೇಳಿದರು. ನಾನೂ ಅಲ್ಲೇ ನಿಂತಿದ್ದೆ.

ಮುದುಕರು ಬಿಳಿ ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದರು. ಆಮೇಲೆ ಕೇಳಿದರು:

"ಅಂದ್ರ ಮೊದಲು ಏನೂ ಇಲ್ಲ ಅಂದ್ರಿ, ಈಗ ಐತಿ ಅಂತೀರಿ."

"ಮೊದಲೂ ಇತ್ತು ಯಜಮಾನ್ರ. ನಮಗ ಕಾಣಲಿಲ್ಲ," ಅಂದರು ಡಾಕ್ಟರು.

"ಹಂಗಾರ ಮೊದಲಿನ ಕಾಗದನಽ ಚೊಲೊ ಇತ್ತು ಬಿಡ್ರಿ."

ಯಾರೂ ನಗಲಿಲ್ಲ, ಅವರೂ ನಗಿಸಲೆಂದು ಹೇಳಿರಲಿಲ್ಲ. ಐದು ವಾರ ತಡವಾದದ್ದರಿಂದ ಹೆಚ್ಚಿನ ಹಾನಿ ಆದಂತಿಲ್ಲ ಎಂದು ಕಿಡ್ನಿ ಡಾಕ್ಟರು ಆಮೇಲೆ ಹೇಳಿ ಕಳಿಸಿದರು. ಆದಂತಿಲ್ಲ ಎಂಬ ಮಾತನ್ನೇ ಹಿಡಿದುಕೊಂಡು ನಾನು ಎಷ್ಟೋ ದಿನ ಕಳೆದೆ. ಮುದುಕರು ಈಗ ಗುಳಿಗೆ ನುಂಗುತ್ತಾರೆ, ತಿಂಗಳಿಗೊಮ್ಮೆ ಕುರುಗೋಡಿಗೆ ಬಂದು ರಕ್ತ ಕೊಟ್ಟು ಹೋಗುತ್ತಾರೆ. ಅಡುಗೆಯವಳು ಹೊಸ ತಿಂಗಳಿನಿಂದ ಕೆಲಸಕ್ಕೆ ಹೋದಳೆಂದು ಟೆಕ್ನಿಷಿಯನ್ ತಿಳಿಸಿದಳು. ಮೊದಲ ನಾಲ್ಕು ದಿನ ಇಬ್ಬರು ತಾಯಂದಿರು ಮಕ್ಕಳಿಗೆ ಮನೆಯಿಂದ ಡಬ್ಬಿ ಕಟ್ಟಿ ಕಳಿಸಿದರಂತೆ. ಆಮೇಲೆ ಅವರೂ ಬಿಟ್ಟರಂತೆ.

ಈಗ ಡಾಕ್ಟರು ದಪ್ಪಕ್ಷರ ಬಿದ್ದರೂ ಬೀಳದಿದ್ದರೂ ಪ್ರತಿ ಹಾಳೆಯನ್ನೂ ನೋಡಿಯೇ ಸಹಿ ಮಾಡುತ್ತಾರೆ; ರಿಪೋರ್ಟು ಸಿಗುವುದು ಅರ್ಧ ದಿನ ತಡವಾಗುತ್ತದೆ, ಬೆಂಚಿನ ಮೇಲೆ ಕುಳಿತವರು ಗೊಣಗುತ್ತಾರೆ. ನಾನು ಬರೆದದ್ದನ್ನು ಓದಿ ನೋಡುವ ಇನ್ನೊಂದು ಜೋಡಿ ಕಣ್ಣು ಬೇಕು ಎಂದು ಅವರನ್ನು ಕೇಳಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

"ಇಷ್ಟು ದಿನ ಯಾಕ ಕೇಳಲಿಲ್ಲ ಮೇಡಂ?" ಅಂದರು.

"ಒಬ್ಬಾಕೀನಽ ನೋಡ್ಕೊಂತೀನಿ ಅಂತ ತಿಳ್ಕೊಂಡಿದ್ದೆ ಸರ್."

"ನಾನೂ ಹಂಗಽ ತಿಳ್ಕೊಂಡಿದ್ದೆ," ಎಂದು ಅವರು ಮುಂದಿನ ಹಾಳೆ ಎತ್ತಿಕೊಂಡರು.